ಖಾಲಿ ಡಬ್ಬಿ ಕೊಡದ ದೇಶಗಳು

ಬೆಳಿಗ್ಗೆ ಚಹಾ ಕುಡಿಯುತ್ತ ಟಿವಿ ಹಚ್ಚಿದೆ. ಆಗ್ನೇಯ ಏಷ್ಯಾದ ನಾಯಕರು ಸಾಲಾಗಿ ನಿಂತು, ಕೈಗಳನ್ನು ಎದೆಯ ಮುಂದೆ ಅಡ್ಡಡ್ಡ ಮಾಡಿ, ಆಚೀಚೆಯವರ ಕೈ ಹಿಡಿದು ನಗುತ್ತಿದ್ದರು. ಅಕ್ಕಪಕ್ಕದ ದೇಶಗಳ ವ್ಯಾಪಾರ ಒಪ್ಪಂದವಂತೆ. ನನಗೆಂಥ ನಗು ಬಂತೆಂದರೆ, ಚಹಾ ಸೀರೆಯ ಮೇಲೆ ಚೆಲ್ಲಿತು! ಆಗಲೇ ಅಡುಗೆಮನೆಯ ಗೂಡಿನಲ್ಲಿದ್ದ ಗೆಳತಿ ಮೆಹರುನ್‌ಳ ಸ್ಟೀಲ್ ಡಬ್ಬಿ ಕಣ್ಣಿಗೆ ಬಿದ್ದು ನಗು ಅರ್ಧಕ್ಕೇ ನಿಂತಿತು. ರಂಜಾನಿಗೆ ಸುರಕುಂಬಾ ಪಾಯಸ ತುಂಬಿ, ಗದಗಿಗೆ ಅಂಟಿಕೊಂಡ ಬೆಟಗೇರಿಯ ಗಂಡನ ಮನೆಯಿಂದ ಕಳಿಸಿದ್ದಳು. ಅದಾದ ಮೇಲೆ ಫೋನಿನಲ್ಲಿ ಜಗಳಾಡಿ ಮಾತು ಬಿಟ್ಟಿದ್ದೇವೆ. ಕಾರಣ ಕೇಳಿದರೆ ನೀವೂ ನಗುತ್ತೀರಿ. ಚುರುಮುರಿಯ ಗಿರ್ಮಿಟ್ ಗದಗಿನದು ಚಲೋನೋ, ಲಕ್ಷ್ಮೇಶ್ವರದ್ದೋ? ಅಷ್ಟೇ. ಆದರೆ ಅವಳ ಫೋನಿಲ್ಲದ ಮನೆ ಬಿಕೋ ಎನ್ನುತ್ತಿದೆ.

ನಾನು ಈಗಲೂ ಇರುವ ಈ ಲಕ್ಷ್ಮೇಶ್ವರದಲ್ಲಿ ನಮ್ಮಿಬ್ಬರ ತವರುಮನೆಗಳ ನಡುವೆ ಒಂದೇ ಗೋಡೆ. ಹಬ್ಬ ಯಾರದಾದರೂ ಇದೇ ಡಬ್ಬಿ ಗೋಡೆ ದಾಟುತ್ತಿತ್ತು. ಕಾಲೇಜಿನಲ್ಲಿದ್ದಾಗ, ಯಾರ ಜಡೆ ಉದ್ದ ಎಂಬ ಘನವಾದ ವಿಷಯಕ್ಕೆ ನಾವು ಮಾತು ಬಿಟ್ಟೆವು. ಅದೇ ವರ್ಷದ ನಾಟಕ ಸ್ಪರ್ಧೆಗೆ ಅರ್ಥಶಾಸ್ತ್ರದ ಸರ್‌ಗೆ ಆಗ್ನೇಯ ಏಷ್ಯಾದ ಇದೇ ದೇಶಗಳ ಸಹಕಾರವನ್ನು ನಾಟಕ ಮಾಡಿಸುವ ಹುಚ್ಚು ಹಿಡಿಯಿತು. ಒಬ್ಬರಲ್ಲಿ ಅಕ್ಕಿ, ಇನ್ನೊಬ್ಬರಲ್ಲಿ ಎಣ್ಣೆ, ಮತ್ತೊಬ್ಬರಲ್ಲಿ ಬಂದರು. ಸುಂಕ ಇಳಿಸಿದರೆ ಎಲ್ಲರ ಒಲೆಯೂ ಉರಿಯುತ್ತದೆ ಎಂಬುದು ಕಥೆ. ಡೋಣಿ ಊರಿನ ಗಿರಿಜಾ ಥೈಲ್ಯಾಂಡ್, ಮೆಹರುನ್ ಮಲೇಷ್ಯಾ, ನಾನು ಸಿಂಗಾಪುರ.

"ಸರ್, ಆಕಿ ಬಾಜೂಕ ನಾ ನಿಂದ್ರಂಗಿಲ್ರಿ," ಅಂದೆ.

"ನಕಾಶೆದಾಗ ನೀವು ಬಾಜೂಕ ಅದೀರಿ, ನಾ ಏನ್ ಮಾಡ್ಲೆವಾ?"

ರಂಗದ ಮೇಲೆ ಮಲೇಷ್ಯಾ ಮುಖ ತಿರುವಿಕೊಂಡೇ ಡಬ್ಬಿ ಚಾಚಿತು. ತಾಳೆ ಎಣ್ಣೆ ಎಂದು ಹೇಳಿ ತಂದದ್ದು ಮನೆಯ ಶೇಂಗಾ ಎಣ್ಣೆ. ನಾನು ಅದನ್ನು ಬೋಗುಣಿಗೆ ಸುರುವಿಕೊಂಡು, ಖಾಲಿ ಡಬ್ಬಿ ಮರಳಿಸಿ ಧನ್ಯವಾದ ಹೇಳಬೇಕಿತ್ತು. ಎಣ್ಣೆಯೇನೋ ಸುರುವಿಕೊಂಡೆ, ಖಾಲಿ ಕೊಡಲು ಕೈಯೇ ಏಳಲಿಲ್ಲ. ನಮ್ಮ ಓಣಿಯಲ್ಲಿ ಯಾರ ಪಾತ್ರೆಯನ್ನೂ ಖಾಲಿ ಕೊಡುವುದಿಲ್ಲ, ಒಂದು ಹಿಡಿ ಸಕ್ಕರೆಯಾದರೂ ಬೀಳಲೇಬೇಕು. ಎದುರಿಗೆ ಮೆಹರುನ್‌ಳ ಅಮ್ಮನ ಪಕ್ಕ ಕೂತಿದ್ದ ನಮ್ಮವ್ವ ಕೂಗಿಯೇಬಿಟ್ಟಳು: "ಏ ಹುಡುಗಿ, ಖಾಲಿ ಕೊಡಬ್ಯಾಡ!"

ಸಿಂಗಾಪುರದಲ್ಲಿ ಏನಿದೆ ಹೇಳಿ? ಜಡೆಯ ಮಲ್ಲಿಗೆ ಮಾಲೆ ಕಿತ್ತು ಡಬ್ಬಿಗೆ ಹಾಕಿದೆ. ಮೆಹರುನ್ ಎಣ್ಣೆ ಸೋರುವ ಮಾಲೆಯನ್ನೇ ಮುಡಿದುಕೊಂಡು, ಬಳೆ ಬಿಚ್ಚಿ ಡಬ್ಬಿಗೆ ಹಾಕಿ ಮತ್ತೆ ಕೊಟ್ಟಳು. ನಾನು ಬಳೆ ತೊಟ್ಟು, ಥೈಲ್ಯಾಂಡಿನ ಅಕ್ಕಿ ತುಂಬಿ ಕೊಟ್ಟೆ. "ಲೇ, ಅದು ನನ್ನ ಅಕ್ಕಿ!" ಎಂದಳು ಗಿರಿಜಾ. ಜನ ಬಿದ್ದು ಬಿದ್ದು ನಕ್ಕರು. "ಪರದೆ ಎಳೀರಿ! ಸಹಕಾರ ಸಾಕು!" ಎಂದು ಸರ್ ಒದರಿದರು. ಪರದೆ ಎಳೆಯುವವನೂ ಹೊಟ್ಟೆ ಹಿಡಿದುಕೊಂಡು ಕೂತಿದ್ದ.

ಆ ಗದ್ದಲದಲ್ಲೇ ಮೆಹರುನ್ ಅಂದಳು, "ಉದ್ದ ನಿಂದು. ದಪ್ಪ ನಂದು. ಆತಿಲ್ಲೋ?"

ಆಯಿತು ಅಂದೆ. ಬಹುಮಾನ ಬೇರೆಯವರ ಪಾಲಾಯಿತು. ಸರ್ ಮುಂದೆ ನಾಟಕದ ಸುದ್ದಿಗೇ ಹೋಗಲಿಲ್ಲ.

ಟಿವಿ ಬಂದ್ ಮಾಡಿ ಸೀರೆ ಬದಲಿಸಿದೆ. ಡಬ್ಬಿಗೆ ಲಕ್ಷ್ಮೇಶ್ವರದ ಗಿರ್ಮಿಟ್ಟನ್ನೇ ತುಂಬಿಸಿಕೊಂಡು ಗದಗಿನ ಬಸ್ ಹತ್ತಿದೆ. ಸೋಲಲು ನಾನೇನು ಹೋಗಿರಲಿಲ್ಲ! ಬೆಟಗೇರಿಯಲ್ಲಿ ಬಾಗಿಲು ತೆರೆದ ಮೆಹರುನ್ ಡಬ್ಬಿಯ ಮುಚ್ಚಳ ತೆಗೆದು ಒಂದು ಹಿಡಿ ಬಾಯಿಗೆ ಹಾಕಿಕೊಂಡಳು.

"ಮೆತ್ತಗಾಗೇತಿ."

"ಬಸ್ಸು ತಡ ಆತು."

"ಒಳಗ ಬಾ."

ಹೊರಡುವಾಗ ಡಬ್ಬಿ ತೊಳೆದು, ಶೇಂಗಾ ಹಿಂಡಿ, ಅದೇ ಚಟ್ನಿಪುಡಿ, ತುಂಬಿ, ಮತ್ತೆ ನನ್ನ ಕೈಗಿಟ್ಟಳು.

"ಡಬ್ಬಿ ನಿಂದು, ಮಾರಾಯ್ತಿ. ಇಟ್ಕೋ," ಅಂದೆ.

"ಇಟ್ಕೊಂಡ್ರ, ಮತ್ತ ನೀ ಯಾತಕ್ಕ ಬರ್ತಿ?"