ಎಡಗಣ್ಣಿನ ಹುಡುಗಿಗೆ ಬಲಗೈ ರೈಫಲ್

ರೇಣುಕಾಳ ಸೋಲಿಗೆ ಹೊಣೆ ನಾನು. ಜಿಲ್ಲಾಡಳಿತವಲ್ಲ, ಕ್ರೀಡಾ ಇಲಾಖೆಯಲ್ಲ — ನಾನು. ಇದೇ ಪತ್ರಿಕೆಯಲ್ಲಿ ‘ಈ ಹುಡುಗಿಯ ಸೋಲಿಗೆ ಯಾರು ಹೊಣೆ?’ ಎಂದು ನಾನು ಗುಡುಗಿದ್ದು ನಿಮ್ಮಲ್ಲಿ ಕೆಲವರಿಗಾದರೂ ನೆನಪಿರಬಹುದು. ಆ ಪ್ರಶ್ನೆಯ ಉತ್ತರ ಗೊತ್ತಿದ್ದವಳು ನಾನೊಬ್ಬಳೇ. ಗೊತ್ತಿದ್ದೂ ಕೇಳಿದೆ — ಜೋರಾಗಿ ಕೇಳಿದವರ ಕಡೆ ಯಾರೂ ಬೆರಳು ತೋರಿಸುವುದಿಲ್ಲವೆಂಬ ಧೈರ್ಯದಿಂದ.

ತೆಲಂಗಾಣದ ಗಡಿಯಲ್ಲಿರುವ ಮಕ್ತಲ್‌ನ ಹಳೆಯ ಹತ್ತಿ ಜಿನ್ನಿನ ಶೆಡ್ಡಿನಲ್ಲಿ ನಮ್ಮ ಶೂಟಿಂಗ್ ಕ್ಲಬ್ ಇತ್ತು. ಸೈನ್ಯದಿಂದ ನಿವೃತ್ತರಾಗಿ ಬಂದ ಖಾಜಾ ಸಾಹೇಬರು ಅದನ್ನು ಕಟ್ಟಿದವರು. ಸ್ಪರ್ಧೆಗೆ ಒಯ್ಯಬಹುದಾದ ಏರ್ ರೈಫಲ್ ಇದ್ದದ್ದು ಒಂದೇ. ಹೈದರಾಬಾದಿನಲ್ಲಿ ಎಂ.ಎ. ಓದುತ್ತಿದ್ದ ನಾನು ರಜೆಗೆ ಬಂದಾಗ ಅದರಲ್ಲೇ ಅಭ್ಯಾಸ ಮಾಡುತ್ತಿದ್ದೆ, ಅದನ್ನೇ ಒಯ್ದು ವಿಶ್ವವಿದ್ಯಾಲಯದ ತಂಡದಲ್ಲಿ ಆಡುತ್ತಿದ್ದೆ. ರೇಣುಕಾ ನಾರಾಯಣಪೇಟೆಯ ನೇಕಾರರ ಮನೆಯ ಹುಡುಗಿ. ಬಸ್ಸಿನಲ್ಲಿ ಬಂದು, ಅದೇ ರೈಫಲ್ಲನ್ನು ಎಡಭುಜಕ್ಕೆ ಒರಗಿಸಿ, ನನಗಿಂತ ಚೆನ್ನಾಗಿ ಗುರಿ ಹಿಡಿಯುತ್ತಿದ್ದಳು. ಹೌದು — ನನಗಿಂತ ಚೆನ್ನಾಗಿ. ಇಷ್ಟು ವರ್ಷ ಈ ವಾಕ್ಯವನ್ನೂ ನಾನು ಬರೆದಿರಲಿಲ್ಲ.

ಆ ರೈಫಲ್ಲಿನ ಮರದ ಕುಂದಾ, ಅಂದರೆ ಭುಜಕ್ಕೂ ಕೆನ್ನೆಗೂ ಒರಗುವ ಹಿಂಭಾಗ, ಸೀಳಿತು. ಅದು ಎರಡೂ ಭುಜಕ್ಕೆ ಒಗ್ಗುವಂಥದ್ದಾಗಿತ್ತು. ಅದರ ಬದಲಿಗೆ, ಮೈಕಟ್ಟಿಗೆ ತಕ್ಕಂತೆ ಹೊಂದಿಸಿಕೊಳ್ಳುವ ಅಲ್ಯೂಮಿನಿಯಂ ಕುಂದಾದ ಕಿಟ್ ತರಿಸುವುದೆಂದಾಯಿತು. ದಾನಿಯೊಬ್ಬರು ಕೊಡಿಸಲು ಒಪ್ಪಿದ್ದು ರೇಣುಕಾಳಿಗಾಗಿಯೇ. ಆದರೆ ಈ ಕುಂದಾ ಎಡಗೈಯವರಿಗೆ ಬೇರೆ, ಬಲಗೈಯವರಿಗೆ ಬೇರೆ. ಒಂದನ್ನೇ ಆರಿಸಬೇಕು.

“ಈ ಕ್ಯಾಟಲಾಗ್ ನನಗ ತಿಳಿಯಂಗಿಲ್ಲವ್ವಾ,” ಎಂದರು ಸಾಹೇಬರು. “ನೀ ಓದಿದಾಕಿ. ಬರೇ ಕೈ ನೋಡಿ ಹೇಳಬ್ಯಾಡ, ಕಣ್ಣು ನೋಡು. ಯಾವ ಕಣ್ಣು ಜೋರೈತಿ, ಆ ಕಡೀದು ತರಸೂಣು. ನೀ ಅಂದದ್ದ ಪಕ್ಕಾ.”

ಪರೀಕ್ಷೆ ಸುಲಭದ್ದು. ಎರಡೂ ಅಂಗೈ ಮುಂದೆ ಚಾಚಿ, ನಡುವೆ ಸಣ್ಣ ಸಂದು ಮಾಡಿ, ದೂರದ ವಸ್ತುವೊಂದನ್ನು ಅದರಲ್ಲಿ ಹಿಡಿಯಬೇಕು. ಆಮೇಲೆ ಒಂದೊಂದೇ ಕಣ್ಣು ಮುಚ್ಚಬೇಕು. ಯಾವ ಕಣ್ಣಿಗೆ ಆ ವಸ್ತು ಉಳಿಯುತ್ತದೋ ಅದೇ ಗುರಿಯ ಕಣ್ಣು. ರೇಣುಕಾ ಶೆಡ್ಡಿನ ಬಾಗಿಲ ಬೀಗವನ್ನು ಸಂದಿನಲ್ಲಿ ಹಿಡಿದಳು. ಬಲಗಣ್ಣು ಮುಚ್ಚಿದಾಗ ಬೀಗ ಅಲ್ಲೇ ಇತ್ತು. ಎಡಗಣ್ಣು ಮುಚ್ಚಿದಾಗ ಮಾಯವಾಯಿತು. ಅವಳಿಗೆ ಇದರ ಅರ್ಥ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು — ಎಡಗೈ ಕುಂದಾ ಬಂದರೆ ಬಲಗೈಯವಳಾದ ನನಗೆ ಆ ರೈಫಲ್ ಇನ್ನು ಒಗ್ಗದು, ಬರುವ ಸ್ಪರ್ಧೆಗೆ ನನ್ನ ಬಳಿ ಏನೂ ಇರುವುದಿಲ್ಲ ಎಂಬುದೂ ಗೊತ್ತಿತ್ತು.

“ಬಲಗಣ್ಣು,” ಎಂದೆ.

ಅವಳ ಮುಖ ಅರಳಿತು. ಮನೆಯಲ್ಲಿ ಎಡಗೈಯಿಂದ ಉಂಡರೆ ಅಜ್ಜಿ ‘ರೊಡ್ಡಿ’ ಎಂದು ಬೈದು ಕೈಗೆ ಹೊಡೆಯುತ್ತಿದ್ದಳಂತೆ. “ಹೌದೇನಕ್ಕಾ? ನಮ್ಮಜ್ಜಿಗೆ ಹೇಳ್ತೀನಿ, ಕೈ ಅಷ್ಟ ರೊಡ್ಡೈತಿ, ಕಣ್ಣು ನೆಟ್ಟಗೈತಿ ಅಂತ!” — ಆ ನಗೆಯನ್ನು ನೋಡಿದ ಮೇಲೂ ನಾನು ಮಾತು ತಿದ್ದಲಿಲ್ಲ.

ಕೆನ್ನೆಯ ಪಟ್ಟಿ, ತೂಕ, ಭುಜದ ಆಸರೆ — ಉಳಿದದ್ದೆಲ್ಲವನ್ನೂ ಶ್ರದ್ಧೆಯಿಂದ ಆರಿಸಿದೆ. ಬದಿಯೊಂದೇ ಸುಳ್ಳು. ಆ ಒಂದು ಸುಳ್ಳಿನ ಮೇಲೆ ಹುಡುಗಿಯೊಬ್ಬಳು ತನ್ನ ಮೈಯನ್ನೇ ಮತ್ತೆ ಕಲಿಯಬೇಕಾಯಿತು. ಎಡಗಣ್ಣಿಗೆ ಅಡ್ಡಪಟ್ಟಿ ಕಟ್ಟಿದರೂ ಆ ಕಣ್ಣನ್ನೇ ಗುರಿಗೆ ತರಲೆಂದು ಅವಳ ತಲೆ ಕುಂದಾದ ಮೇಲಿಂದ ಆಚೆಗೆ ವಾಲುತ್ತಿತ್ತು. “ಕತ್ತು ನೆಟ್ಟಗ ಇಡಬೇ, ಬಾವಿ ಇಣಿಕಿ ನೋಡಾಕತ್ತೀ ಏನು?” ಎಂದು ಸಾಹೇಬರು ಗದರಿಸುತ್ತಿದ್ದರು. ನಾನು ಪಕ್ಕದಲ್ಲೇ ನಿಂತು ನನ್ನ ಸರದಿಗೆ ಕಾಯುತ್ತಿದ್ದೆ.

ಗದ್ವಾಲದ ಆಯ್ಕೆ ಸ್ಪರ್ಧೆಯಲ್ಲಿ ಅವಳು ಎಲ್ಲರಿಗಿಂತ ಕೆಳಗೆ ಉಳಿದಳು. ಹೊರಗೆ ಬಂದು, ಕತ್ತು ಉಜ್ಜಿಕೊಳ್ಳುತ್ತ, “ನನಗ ಗುರಿ ಹಿಡಿಯೂ ನದರ ಇಲ್ಲಕ್ಕಾ. ಸುಮ್ನ ನಿಮಗೆಲ್ಲಾ ತ್ರಾಸ ಕೊಟ್ಟೆ,” ಎಂದಳು. ಮತ್ತೆ ಕ್ಲಬ್ಬಿಗೆ ಬರಲಿಲ್ಲ. ಅದೇ ರೈಫಲ್ಲಿನಿಂದ ನಾನು ವಿಶ್ವವಿದ್ಯಾಲಯದ ಸ್ಪರ್ಧೆಯಲ್ಲಿ ಪದಕ ಗೆದ್ದೆ. ಆಮೇಲೆ ಆ ಲೇಖನ — ರೇಂಜ್ ಎಲ್ಲಿ, ತರಬೇತಿ ಎಲ್ಲಿ, ಉತ್ತರದಾಯಿತ್ವ ಎಲ್ಲಿ ಎಂದು ಅಧಿಕಾರಿಗಳನ್ನು ಕಟಕಟೆಗೆ ನಿಲ್ಲಿಸಿದ ಲೇಖನ. ಆ ಪ್ರಶ್ನೆಗಳು ಇಂದಿಗೂ ನಿಜ. ಶೆಡ್ಡಿನ ಛಾವಣಿ ಇಂದಿಗೂ ಸೋರುತ್ತದೆ. ನನಗೆ ನನ್ನ ಮೇಲೆಯೇ ಸಿಟ್ಟು ಬರುವುದು ಅದಕ್ಕೇ: ನಿಜವಾದ ಪ್ರಶ್ನೆಗಳ ಬೆನ್ನ ಹಿಂದೆ ನಾನು ಅಡಗಿ ಕೂತೆ. ಇನ್ನು ಮುಂದೆ ಅವನ್ನು ಕೇಳುವ ಬಾಯಿಯೇ ನನಗಿಲ್ಲ.

ಕಳೆದ ತಿಂಗಳು ನಾರಾಯಣಪೇಟೆಗೆ ಹೋಗಿ ರೇಣುಕಾಳಿಗೆ ಎಲ್ಲವನ್ನೂ ಹೇಳಿದೆ. ಅವಳು ಮಗ್ಗದ ಕುಣಿಯಲ್ಲಿ ಕಾಲಿಳಿಬಿಟ್ಟು ಕೂತಿದ್ದಳು. ನನ್ನ ಮಾತು ಮುಗಿದ ಮೇಲೆ ಎರಡೂ ಅಂಗೈ ಚಾಚಿ, ಸಂದು ಮಾಡಿ, ಎದುರು ಗೋಡೆಯ ಗಡಿಯಾರವನ್ನು ಹಿಡಿದಳು. ಬಲಗಣ್ಣು ಮುಚ್ಚಿದಳು.

“ಐತಿ.”

ಎಡಗಣ್ಣು ಮುಚ್ಚಿದಳು.

“ಇಲ್ಲ.”

ಮತ್ತೊಮ್ಮೆ ಮಾಡಿ ನೋಡಿದಳು. ಕೈ ಇಳಿಸಿದಳು.

“ಎಡಗೈ ಕುಂದಾ ತರಿಸ್ತೀನಿ ರೇಣುಕಾ, ಸಾಹೇಬರಿಗೂ —”

“ಅದು ಆಮ್ಯಾಲ,” ಎಂದಳು. ಗೋಡೆಯ ಇನ್ನೊಂದು ಕಡೆ ನನ್ನ ಲೇಖನದ ಪುಟ ಅಂಟಿಸಿತ್ತು, ಅವಳ ಫೋಟೊ ಸಹಿತ. “ಇದನ್ನ ನಮ್ಮವ್ವ ಹಚ್ಚ್ಯಾಳ. ಕನ್ನಡ ಓದಾಕ ಬರಲಾರದವರೂ ಫೋಟೊ ನೋಡಿ ‘ಅಯ್ಯೋ ಪಾಪ’ ಅಂದು ಹೋಗ್ತಾರ. ತಪ್ಪು ಮಾಡಿದವರು ಅಂತ ಎಲ್ಲಾರ್ನೂ ಬರದೀ. ಬರದಾಕಿ ಅಂತ ನಿನ್ನ ಹೆಸರು ಕೆಳಗೈತಿ. ಮಾಡಿದಾಕಿ ಅಂತ ಎಲ್ಲೈತಿ?”

ನಾನು ಕಣ್ಣೊರೆಸಿಕೊಂಡೆ.

“ನನ್ನ ಮುಂದ ಒಂದೀಟು ಅತ್ತು ಹೋದ್ರ ಮುಗೀತೇನಕ್ಕಾ? ಎಲ್ಲಿ ಬರದೀ, ಅಲ್ಲೇ ಬರಿ.”

ಬರೆದಿದ್ದೇನೆ, ರೇಣುಕಾ. ಸಾಹೇಬರಿಗೆ ಈ ಸಂಚಿಕೆಯನ್ನು ನಾನೇ ಒಯ್ದು, ಎದುರು ನಿಂತು ಓದಿ ಹೇಳುತ್ತೇನೆ. ನೀನು ಈ ಪುಟವನ್ನು ಆ ಪುಟದ ಮೇಲೆ ಅಂಟಿಸಬೇಡ, ಪಕ್ಕದಲ್ಲೇ ಅಂಟಿಸು. ಬಂದವರು ಎರಡನ್ನೂ ಓದಲಿ.