ಸೀಟಿ ಸಾಹೇಬರು ಕಾಯುವ ಕೆರೆ

ನಮ್ಮ ಭಾವನನ್ನು, ಅಂದರೆ ನನ್ನ ಅಕ್ಕನ ಗಂಡನನ್ನು, ದಡದ ಜನ ಸೀಟಿ ಸಾಹೇಬ ಎಂದು ಕರೆಯುತ್ತಾರೆ. ಸಾಹೇಬ ಎನ್ನುವುದು ಗೌರವಕ್ಕಲ್ಲ, ಗೇಲಿಗೆ. ಕೊರಳಲ್ಲಿ ಕಪ್ಪು ದಾರಕ್ಕೆ ಕಟ್ಟಿದ ಒಂದು ಸೀಟಿ, ಮೊಣಕೈಗೆ ತೇಪೆ ಹಾಕಿದ ಖಾಕಿ ಅಂಗಿ, ಸರ್ಕಾರ ಕೊಟ್ಟ ಸೋರುವ ದೋಣಿ. ಅವರ ಸಾಹೇಬಗಿರಿ ಇಷ್ಟೇ.

ಮೊದಲು ಅವರೂ ನಮ್ಮ ಹಾಗೆ ಬಲೆ ಬೀಸುವವರೇ. ಕೆರೆ ಉಳಿಸುವ ಯೋಜನೆ ಬಂದಾಗ ಸರ್ಕಾರದವರು ದಡದಲ್ಲಿ ಬೋರ್ಡು ನೆಟ್ಟರು. ಮೀನು ಮೊಟ್ಟೆಯಿಡುವ ತಿಂಗಳುಗಳಲ್ಲಿ ಯಾರೂ ಬಲೆ ಹಾಕಬಾರದು ಎಂದು. ಅದನ್ನು ನೋಡಿಕೊಳ್ಳಲು ಒಬ್ಬ ಕಾವಲುಗಾರ ಬೇಕಿತ್ತು. ಭಾವ ಆ ಕೆಲಸಕ್ಕೆ ಸೇರಿದರು. ಕೇಳಿ ನನ್ನ ಮೈಯೆಲ್ಲ ಉರಿದುಹೋಯಿತು. ಅಕ್ಕನ ಮನೆ ಬಾಗಿಲಲ್ಲೇ ನಿಂತು ಕೂಗಾಡಿದೆ.

"ಕೊಡಲಿ ಕಾವು ಕುಲಕ್ಕೆ ಸಾವು ಅಂತಾರಲ್ಲ, ಅದು ನೀವೇ ಭಾವ!"

"ಬಸುರಿ ಮೀನನ್ನ ಎಷ್ಟು ದಿನ ಅಂತ ಹಿಡಿಯೋದು ಕಣೋ?" ಎಂದರು ಅವರು, ಸೀಟಿಯನ್ನು ಪಂಚೆಯ ತುದಿಯಲ್ಲಿ ಒರೆಸುತ್ತ. "ನಮ್ಮಪ್ಪ ಮೊಣಕೈ ಉದ್ದದ ಮೀನು ತರ್ತಿದ್ದ. ನಾನು ಅಂಗೈಯಗಲದ್ದು ತಂದೆ. ನೀನು ಬೆರಳುದ್ದದ್ದು ತರ್ತಿದೀಯ. ನಿನ್ನ ಮಗ ಏನು ತರ್ತಾನೆ, ನೀರಾ?"

ಮಾತು ಸುಳ್ಳಲ್ಲ. ಆದರೆ ನನಗೆ ಕೋಪ ಬಂದಾಗ ಸತ್ಯ ಹೇಳಿದವರ ಮೇಲೇ ಇನ್ನಷ್ಟು ಕೋಪ ಬರುತ್ತದೆ. ಆ ವರ್ಷದ ನಿಷೇಧದಲ್ಲೇ ಬೇಕೆಂದೇ ಬಲೆ ಹಾಕಿದೆ. ಭಾವ ದೋಣಿ ತಂದು ಸೀಟಿ ಊದಿದರು. ನಾನು ಕೇಳಿಸದವನಂತೆ ಇದ್ದೆ. ಅವರು ಚಾಕು ತೆಗೆದು ಬಲೆಯನ್ನು ಉದ್ದಕ್ಕೆ ಸೀಳಿಬಿಟ್ಟರು. ಅಂದು 'ನೀವು' ಹೋಗಿ 'ನೀನು' ಆಯಿತು. ಏನೇನು ಬೈದೆನೋ ಇಲ್ಲಿ ಬರೆಯುವ ಹಾಗಿಲ್ಲ.

"ಬಾಮೈದ ಅಂತ ಬಿಟ್ರೆ ನಾಳೆ ಊರಿಗೆ ಊರೇ ನನ್ನ ಬಾಮೈದ ಆಗುತ್ತೆ" ಎಂದರು ಭಾವ.

ಮಾತು ದಡಕ್ಕೆ ಮುಟ್ಟಲು ತಡವಾಗಲಿಲ್ಲ. ಆಮೇಲೆ ಸೀಟಿ ಕೇಳಿದಾಗಲೆಲ್ಲ ಹುಡುಗರಿಂದ ಹಿಡಿದು ಮುದುಕರವರೆಗೆ ಎಲ್ಲರೂ, "ಭಾವಾ, ಊದಬೇಡಿ, ನಾನೂ ನಿಮ್ಮ ಬಾಮೈದ!" ಎಂದು ಕೂಗುತ್ತಿದ್ದರು. ಅವರು ನಗುತ್ತಲೇ ಬಲೆ ಕಿತ್ತುಕೊಳ್ಳುತ್ತಿದ್ದರು.

ನಿಷೇಧದ ತಿಂಗಳಲ್ಲಿ ಅವರ ಮನೆಯಲ್ಲಿ ಒಣಮೀನು ಕೂಡ ಬೇಯುತ್ತಿರಲಿಲ್ಲ. ವಾಸನೆ ಹೊರಗೆ ಹೋದರೆ ಜನ ಏನೆನ್ನುತ್ತಾರೆ ಎಂಬ ಭಯ. "ಮೀನುಗಾರನ ಮಗಳನ್ನ ಕಟ್ಟಿಕೊಂಡು ತಿಂಗಳುಗಟ್ಟಲೆ ಸೊಪ್ಪು ತಿನ್ನಿಸ್ತಾರೆ. ಮುಂದಿನ ಜನ್ಮಕ್ಕೆ ಮೇಕೆಯಾಗಿ ಹುಟ್ಟಿಬಿಡ್ತೀನಿ" ಎಂದು ಅಕ್ಕ ನನ್ನ ಹತ್ತಿರ ಗೊಣಗುತ್ತಿದ್ದಳು.

ಹೇಳಬೇಕಾದ್ದನ್ನು ಹೇಳಲೇಬೇಕು. ಮೀನು ಬಂತು. ಒಂದೆರಡು ವರ್ಷ ಕಳೆಯುವಷ್ಟರಲ್ಲಿ ನನ್ನ ಬಲೆಯಲ್ಲೇ ಅಂಗೈಯಗಲದ ಮೀನು ಒದ್ದಾಡಿತು. ಭಾವ ದಡದಲ್ಲಿ ನಿಂತು ಕತ್ತು ಉದ್ದ ಮಾಡಿ ಬುಟ್ಟಿಯೊಳಗೆ ಇಣುಕಿದರು. ನಾನು ಬೇಕೆಂದೇ ಬುಟ್ಟಿಗೆ ಗೋಣಿ ಮುಚ್ಚಿದೆ. ಆದರೂ ಅವರು ಕಂಡಿದ್ದರು. ಅಂದು ರಾತ್ರಿ ಊಟಕ್ಕೆ ಕೂತು ಒಬ್ಬರೇ ನಗುತ್ತಿದ್ದರಂತೆ. ಅಕ್ಕ ಹೇಳಿದಳು.

ಅದೇ ಹೊತ್ತಿಗೆ ಕೆರೆಯ ಆಚೆ ಬದಿಯಲ್ಲಿ, ಜೊಂಡಿನ ಹಿಂದೆ, ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆ ಎದ್ದಿತ್ತು. ಜೊಂಡಿನ ಒಳಗೆ ಅವರದೊಂದು ದಪ್ಪ ಪೈಪು. ಮೀನು ಹಿಡಿಯುವ ತಿಂಗಳುಗಳಲ್ಲಿ ನಾವೆಲ್ಲ ಅಲ್ಲಿ ಓಡಾಡುತ್ತೇವೆ, ಆಗ ಪೈಪು ಒಣಗಿರುತ್ತಿತ್ತು. ನಿಷೇಧ ಶುರುವಾಗಿ ಒಂದು ದೋಣಿಯೂ ಕೆರೆಗೆ ಇಳಿಯದಿದ್ದಾಗ ಅದರ ಬಾಯಿ ತೆರೆಯುತ್ತಿತ್ತು. ಕಳ್ಳನಿಗೆ ಊರೇ ಬಾಗಿಲು ತೆರೆದುಕೊಟ್ಟಂತಾಯಿತು. ನಮ್ಮನ್ನೆಲ್ಲ ಒಂದು ಪಿಳ್ಳೆಯನ್ನೂ ಬಿಡದೆ ಕೆರೆಯಿಂದ ಹೊರಗಿಟ್ಟವರು ಯಾರು? ನಮ್ಮ ಭಾವನೇ.

ನೇರಳೆ ಬಣ್ಣದ ನೀರು ಬೀಳುವುದನ್ನು ಮೊದಲು ಕಂಡವರೂ ಅವರೇ. ಕಂಡವರು ಏನು ಮಾಡಿದರು ಗೊತ್ತೇ? ದೋಣಿಯಲ್ಲಿ ಎದ್ದು ನಿಂತು, ಕೆನ್ನೆ ಉಬ್ಬಿಸಿ, ಪೈಪಿಗೆ ಸೀಟಿ ಊದಿದರು. ಬೇರೆ ಏನು ಮಾಡಬೇಕೆಂದು ಅವರಿಗೆ ಯಾರು ಕಲಿಸಿದ್ದರು? ಕಾರ್ಖಾನೆಯ ವಾಚ್‌ಮನ್ ಗೋಡೆಯ ಮೇಲಿಂದ ತಲೆ ಹಾಕಿ, "ಏನ್ ಸಾಹೇಬ್ರೇ, ನಮ್ಮ ಪೈಪು ಬಲೆ ಹಾಕಿತ್ತಾ?" ಎಂದು ಹಲ್ಲು ಕಿರಿದ.

ಭಾವ ಕಚೇರಿಗೆ ಹೋದರು. ಜೊತೆಗೆ ನಾನೂ ಹೋದೆ, ಜಗಳಕ್ಕೆ ಒಬ್ಬ ಇರಲಿ ಎಂದು. ಫ್ಯಾನಿನ ಕೆಳಗೆ ಕೂತಿದ್ದ ಅಧಿಕಾರಿ ಕೆಟ್ಟವರೇನಲ್ಲ. ಪೂರ್ತಿ ಕೇಳಿಸಿಕೊಂಡರು.

"ನೋಡಪ್ಪ, ಮೀನು ನಮ್ಮ ಇಲಾಖೆದು. ನೀರು ಇನ್ನೊಂದು ಇಲಾಖೆದು. ಅವರಿಗೆ ಹೇಳ್ತೀನಿ."

"ಮೀನು ನಿಮ್ದು, ನೀರು ಅವರ್ದಾ?" ನಾನು ಮೇಜು ಗುದ್ದಿದೆ. "ಹಾಗಾದ್ರೆ ಮೀನನ್ನೆಲ್ಲ ತಂದು ಈ ಮೇಜಿನ ಮೇಲೆ ಸಾಕಿಕೊಳ್ಳಿ!"

ಭಾವ ನನ್ನ ರಟ್ಟೆ ಹಿಡಿದು ಹೊರಗೆ ಎಳೆದುಕೊಂಡು ಬಂದರು.

ನೀರಿನವರು ಬಂದದ್ದು ನಿಷೇಧ ಮುಗಿದ ಮೇಲೆ. ಆಗ ಪೈಪು ಒಣಗಿತ್ತು. ಜೀಪು ನಿಂತ ಜಾಗದಲ್ಲೇ ಬಗ್ಗಿ ಬಾಟಲಿ ತುಂಬಿಕೊಂಡು ಹೋದರು. ನೀರು ಪರವಾಗಿಲ್ಲ ಎಂದು ವರದಿ ಬಂತು. ಮುಂದಿನ ನಿಷೇಧದಲ್ಲಿ ಮತ್ತೆ ನೇರಳೆ, ಮತ್ತೆ ಕಚೇರಿ, ಮತ್ತೆ ಒಣಗಿದ ಪೈಪಿಗೆ ಬಾಟಲಿ. ಕೊನೆಗೊಂದು ಬೆಳಿಗ್ಗೆ ಮೀನೆಲ್ಲ ಹೊಟ್ಟೆ ಮೇಲೆ ಮಾಡಿ ದಡಕ್ಕೆ ಬಂದವು. ಮೊಟ್ಟೆ ತುಂಬಿದ ಹೊಟ್ಟೆಗಳು. ಭಾವ ಮೊಣಕಾಲುದ್ದ ನೀರಲ್ಲಿ ನಿಂತು ಅವನ್ನು ಕೋಲಿನಿಂದ ಒಳಕ್ಕೆ ನೂಕುತ್ತಿದ್ದರು, ದಾರಿ ತಪ್ಪಿ ಬಂದವರನ್ನು ವಾಪಸು ಕಳಿಸುವವರ ಹಾಗೆ.

ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ. ಮೀನು ಮತ್ತೆ ಹೆಚ್ಚುವವರೆಗೆ ವರ್ಷವಿಡೀ ನಿಷೇಧ ಎಂದು ಹೊಸ ಬೋರ್ಡು ಬಂತು. ದಡದ ಗಂಡಸರಲ್ಲಿ ಅರ್ಧ ಜನ ಈಗ ಅದೇ ಕಾರ್ಖಾನೆಯ ಗೇಟಿನಲ್ಲಿ ಕೂಲಿಗೆ ನಿಲ್ಲುತ್ತಾರೆ. ನಾನು ಇಟ್ಟಿಗೆ ಹೊರುತ್ತೇನೆ. ಭಾವ ಮಾತ್ರ ಅದೇ ಖಾಕಿ ಹಾಕಿ ದಿನಾ ಕೆರೆ ಸುತ್ತುತ್ತಾರೆ. ಸೀಟಿ ಊದಲು ಒಬ್ಬ ಬಾಮೈದನೂ ಇಲ್ಲ.

ಮೊನ್ನೆ ಭಾನುವಾರ ಬೆಳಿಗ್ಗೆ ನಮ್ಮ ಮನೆಗೆ ಬಂದರು. ಬಲೆ ಸೀಳಿದ ಮೇಲೆ ಅವರು ನನ್ನ ಹೊಸಿಲು ತುಳಿದದ್ದೇ ಇಲ್ಲ. ಒಳಗೆ ಬನ್ನಿ ಎಂದರೂ ಬರಲಿಲ್ಲ.

"ಬಲೆ ಇದೆಯಾ?"

"ಯಾಕೆ, ಇದನ್ನೂ ಸೀಳೋಕಾ?"

"ಜೊಂಡಿನ ಹತ್ರ ಒಂದು ಸಲ ಹಾಕು. ಒಂದಾದ್ರೂ ಉಳಿದಿದೆಯಾ ನೋಡ್ಬೇಕು. ಒಂದು ಜೊತೆ ಇದ್ರೆ ಸಾಕು ಕಣೋ, ಇನ್ನೂ ಕಾಯ್ತೀನಿ."

"ನೀವೇ ಹಾಕಿ. ಕೈ ಮರೆತುಹೋಗಿದೆಯಾ?"

"ಖಾಕಿ ಹಾಕ್ಕೊಂಡು ನಾನು ಹಾಕೋ ಹಾಗಿಲ್ಲ."

ಅವರು ಹುಟ್ಟು ಹಾಕಿದರು, ನಾನು ಬೀಸಿದೆ. ಬಲೆ ಮೇಲೆ ಬರುವ ಮೊದಲೇ ಕೈಗೆ ಗೊತ್ತಾಗುತ್ತದೆ. ಆದರೂ ಎಳೆದೆ. ಜೊಂಡಿನ ಆಚೆ ಬೀಸಿದೆ, ಈಚೆ ಬೀಸಿದೆ, ನಡುನೀರಿನಲ್ಲಿ ಬೀಸಿದೆ. ಪ್ರತಿ ಸಲವೂ ಭಾವ ಹುಟ್ಟು ಬಿಟ್ಟು, ಹಿಂದೆ ನನ್ನ ಬುಟ್ಟಿ ನೋಡಿದ್ದರಲ್ಲ, ಹಾಗೇ ಕತ್ತು ಉದ್ದ ಮಾಡುತ್ತಿದ್ದರು. ಬಲೆ ತುಂಬ ಕಪ್ಪು ಲೋಳೆ. ಒಂದು ಸೀಗಡಿ ಮರಿ ಕೂಡ ಇಲ್ಲ.

ದಡಕ್ಕೆ ಬಂದಾಗ ಬಲೆ ಹೆಗಲಿಗೆ ಹಾಕಿಕೊಂಡು ಹೊರಟೆ.

"ಅದನ್ನ ಇಲ್ಲಿಟ್ಟು ಹೋಗು" ಎಂದರು ಭಾವ. "ನಿಷೇಧ ಇದೆ."

ಬೇರೆ ದಿನವಾಗಿದ್ದರೆ ರಂಪ ಮಾಡುತ್ತಿದ್ದೆ. ಮುಖ ನೋಡಿದೆ. ಬಲೆ ಇಳಿಸಿ ಅವರ ಕೈಗೆ ಕೊಟ್ಟೆ. ಅವರು ಚಾಕು ತೆಗೆಯಲಿಲ್ಲ. ದಡದಲ್ಲಿ ಕೂತು ಲೋಳೆ ತೊಳೆದು, ನೀಟಾಗಿ ಮಡಿಚಿ, ತಗಡಿನ ಶೆಡ್ಡಿನಲ್ಲಿ ಹಿಂದೆ ಕಿತ್ತುಕೊಂಡಿದ್ದ ಬಲೆಗಳ ಮೇಲಿಟ್ಟು ಬೀಗ ಹಾಕಿದರು. ಆಮೇಲೆ ದೋಣಿಯೊಳಗಿನ ನೀರು ಎತ್ತಿ ಚೆಲ್ಲಿ, ಬೆಳಗಿನ ಸುತ್ತು ಬಾಕಿ ಇತ್ತೆಂದು ಮತ್ತೆ ಕೆರೆಗೆ ಹೋದರು.