ಗರಿಕೆಯ ಅಂಕಣದಲ್ಲಿ ಮೂರು ಸೆಟ್

ಭಾನುವಾರ ಬೆಳಿಗ್ಗೆ ಚಿಕ್ಕಮಗಳೂರಿನ ಬಸ್ ನಿಲ್ದಾಣದಲ್ಲಿ ನಾವು ಎಂಟು ಜನ ಹೆಂಗಸರು ಒಂದೇ ಬಣ್ಣದ ಟೀ ಶರ್ಟಿನ ಮೇಲೆ ಸ್ವೆಟರ್ ಹಾಕಿಕೊಂಡು ನಿಂತಿದ್ದೆವು. ಕಳಸದ ಹತ್ತಿರದ ಒಂದು ಎಸ್ಟೇಟಿನಲ್ಲಿ ಅಲ್ಲಿನ ಹೆಂಗಸರ ತಂಡದ ಜೊತೆ ನಮಗೆ ಥ್ರೋಬಾಲ್ ಪಂದ್ಯವಿತ್ತು. ನಾನು ಹೊಲಿಗೆ ಅಂಗಡಿ ಇಟ್ಟುಕೊಂಡವಳು. ನಮ್ಮ ಕ್ಯಾಪ್ಟನ್ ಶೀಲಾ ನರ್ಸ್. ಎರಡು ವರ್ಷದ ಹಿಂದೆ ಇದೇ ಪಂದ್ಯಕ್ಕೆ ಹೋದಾಗ ಅಂಕಣ ಕೆಸರುಗದ್ದೆಯಂತಿತ್ತು. ಮೊದಲ ಸೆಟ್ಟಿನಲ್ಲೇ ನಾನು ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡಿದ್ದೆ. ಆಟ ಅಲ್ಲಿಗೇ ನಿಂತಿತ್ತು.

"ಈ ಸಲ ನೆಲ ಗಟ್ಟಿ ಇದೆಯಂತೆ. ಎಸ್ಟೇಟಿನ ಪುಷ್ಪಕ್ಕ ಫೋನಲ್ಲಿ ಹೇಳಿದ್ರು" ಅಂದಳು ಶೀಲಾ. ನನಗೆ ನಂಬಿಕೆ ಬರಲಿಲ್ಲ. ಸೆಪ್ಟೆಂಬರ್ ಬಂದರೂ ಮಳೆ ಬಿಟ್ಟಿರಲಿಲ್ಲ.

ಮೂಡಿಗೆರೆವರೆಗೆ ಸರ್ಕಾರಿ ಬಸ್ಸು, ನಮಗೆ ಟಿಕೆಟ್ ಉಚಿತ. ಅಲ್ಲಿಂದ ಮುಂದೆ ಖಾಸಗಿ ಬಸ್ಸು ಹಿಡಿದೆವು. ಕೊಟ್ಟಿಗೆಹಾರದಲ್ಲಿ ಮಂಜು ಎಷ್ಟು ದಟ್ಟವಾಗಿತ್ತೆಂದರೆ ಹೋಟೆಲಿನ ಬೋರ್ಡು ಓದಲು ಅದರ ಕೆಳಗೇ ಹೋಗಬೇಕಾಯಿತು. ನೀರುದೋಸೆ ತಿಂದು ಮತ್ತೆ ಬಸ್ಸು ಹತ್ತಿದೆವು. ಸ್ವಲ್ಪ ದೂರದಲ್ಲಿ ರಸ್ತೆ ಪಕ್ಕದ ಧರೆ ಕುಸಿದು ಕೆಂಪು ಮಣ್ಣು ಅರ್ಧ ರಸ್ತೆಗೆ ಬಂದಿತ್ತು. ಜೆಸಿಬಿ ಅದನ್ನು ಬದಿಗೆ ಸರಿಸುವವರೆಗೆ ಕಾದೆವು. ಕಿಟಕಿಯಿಂದ ಆ ಕೆಸರನ್ನು ನೋಡುತ್ತ ಕೂತಾಗ ಹಳೆಯ ಕೈನೋವು ಮರಳಿದಂತಾಯಿತು. ರಿಸರ್ವ್ ಆಟಗಾರ್ತಿಯನ್ನೇ ಇಳಿಸು, ನಾನು ಹೊರಗೆ ಕೂರುತ್ತೇನೆ ಅಂದೆ. ಶೀಲಾ ಕೇಳಿಸದವಳಂತೆ ಕಣ್ಣು ಮುಚ್ಚಿಕೊಂಡಳು.

ಕಳಸಕ್ಕೆ ಮೊದಲೇ ಇಳಿದು, ಕಾದಿದ್ದ ಜೀಪಿನಲ್ಲಿ ಎಸ್ಟೇಟಿಗೆ ಹೋದೆವು. ಸಣ್ಣ ತೋಟ. ಪುಷ್ಪಕ್ಕ ಮತ್ತು ಅವರ ಗಂಡನ ಅಣ್ಣ ಶೇಷೇಗೌಡರು ಜೊತೆಯಾಗಿ ನೋಡಿಕೊಳ್ಳುತ್ತಾರೆ. ಪುಷ್ಪಕ್ಕ ಕಾಫಿ ಕೊಟ್ಟು ನೇರ ಅಂಕಣಕ್ಕೆ ಕರೆದೊಯ್ದರು. ನೋಡಿದರೆ ಹಳದಿ ನೆಟ್ಟಿನ ಎರಡೂ ಕಡೆ ದಟ್ಟ ಹಸಿರು. ಕೆಂಪು ಮಣ್ಣು ಎಲ್ಲೂ ಕಾಣಲಿಲ್ಲ.

"ಯಾವ ಹುಲ್ಲು ತರಿಸಿದ್ರಿ ಪುಷ್ಪಕ್ಕ?" ಎಂದು ಶೀಲಾ ಕೇಳಿದಳು.

"ತರಿಸೋದೆಂಥದ್ದು ಮಾರಾಯ್ರೆ. ಗರಿಕೆ. ಗಣಪತಿಗೆ ಏರ್ಸೋದು ಬಿಟ್ರೆ ಯಾರಿಗೂ ಬೇಡದ್ದು. ಕಣದ ಅಂಚಿಂದ, ದಾರಿ ಬದಿಯಿಂದ ಕಿತ್ತು ಬಿಸಾಡ್ತಿದ್ವಲ್ಲ, ಅದನ್ನೇ ಕೊಚ್ಚಿ ಮಳೆ ಶುರುವಾಗೋ ಹೊತ್ತಿಗೆ ಇಲ್ಲಿ ಚೆಲ್ಲಿ, ಮೇಲೆ ತೆಳ್ಳಗೆ ಮಣ್ಣು ಹಾಕ್ದೆ. ಅದಕ್ಕೆ ಗೆಣ್ಣು ಗೆಣ್ಣಲ್ಲೂ ಬೇರು."

ಅಂಕಣದ ಕೆಳಗಿನ ಇಳಿಜಾರು ಧರೆಗೂ ಅದನ್ನೇ ಹಬ್ಬಿಸಿದ್ದರು. ಮೊದಲು ಮಳೆಗಾಲದಲ್ಲೆಲ್ಲ ಅಲ್ಲಿಂದ ಮಣ್ಣು ಕೊಚ್ಚಿಹೋಗಿ ಕೆಳಗಿನ ತೋಡು ಸೇರುತ್ತಿತ್ತಂತೆ. ಈಗ ತೋಡಿನಲ್ಲಿ ಹರಿಯುತ್ತಿದ್ದ ನೀರು ತಿಳಿಯಾಗಿತ್ತು. "ಗುಡ್ಡವೇ ಜಾರಿದ್ರೆ ಗರಿಕೆ ಏನು ಮಾಡೀತು? ಆದ್ರೆ ಮೇಲ್ಮಣ್ಣು ಬಿಟ್ಟುಕೊಡಲ್ಲ. ಕತ್ತರಿಸಿದ್ದನ್ನ ದನಕ್ಕೆ ಹಾಕ್ತೀನಿ, ಚೆನ್ನಾಗಿ ತಿಂತಾವೆ" ಅಂದರು.

ಆಮೇಲೆ ದನಿ ತಗ್ಗಿಸಿದರು. "ಭಾವ ಮಾತ್ರ ಒಪ್ಪಿಲ್ಲ. ತೋಟದಲ್ಲಿ ಕಳೆ ಕೀಳ್ಸೋಕೆ ಆಳು ಸಿಗ್ತಿಲ್ಲ, ಇವಳು ಕಳೆ ನೆಡ್ತಾಳೆ ಅಂತಾರೆ. ಇವತ್ತೂ ಕೆಸರಾಗಿ ಆಟ ನಿಂತ್ರೆ ಈ ಜಾಗಕ್ಕೆ ರೋಬಸ್ಟಾ ಕಾಫಿ ಗಿಡ ಹಾಕ್ತಾರಂತೆ. ನಾನೂ ಆಗ್ಲಿ ಅಂದ್ಬಿಟ್ಟಿದೀನಿ."

ಶೇಷೇಗೌಡರು ಮನೆಯ ಜಗಲಿಯಲ್ಲಿ ಛತ್ರಿ ಊರಿಕೊಂಡು ಕೂತಿದ್ದರು. ನಮಸ್ಕಾರ ಮಾಡಿದೆವು. "ಆಡಿ, ಆಡಿ. ಮಳೆ ಬರೋದ್ರೊಳಗೆ ಮುಗ್ಸಿ" ಅಂದರು. ಶೀಲಾ ನನ್ನನ್ನು ಹೊರಗೆ ಕೂರಿಸಲಿಲ್ಲ.

ಮೊದಲ ಸೆಟ್ ಸೋತೆವು. ಅದಕ್ಕೆ ಕಾರಣ ನಾನೇ. ಚೆಂಡು ಒಂದು ಹೆಜ್ಜೆ ದೂರ ಬಿದ್ದರೂ ನನ್ನ ಕಾಲು ಏಳುತ್ತಿರಲಿಲ್ಲ. ಎರಡನೇ ಸೆಟ್ಟಿನ ನಡುವೆ ಮಳೆ ಧೋ ಎಂದು ಹೊಯ್ಯಿತು. ರೆಫರಿ ಆಟ ನಿಲ್ಲಿಸಲೇ ಎಂಬಂತೆ ಎರಡೂ ಕಡೆ ನೋಡಿದರು. ನೆಟ್ಟಿನ ಆಚೆಯಿಂದ ಪುಷ್ಪಕ್ಕ, "ಆಡಣ, ಏನಾಗಲ್ಲ" ಅಂದರು. ಅವರೇ ಎದುರು ತಂಡದ ಕ್ಯಾಪ್ಟನ್.

ಆಗಲೇ ಚೆಂಡು ನನ್ನ ಎಡಕ್ಕೆ ಬಂತು. ಯೋಚಿಸಲು ಹೊತ್ತಿರಲಿಲ್ಲ, ಓಡಿದೆ. ಒದ್ದೆ ಹುಲ್ಲು ಕಾಲ ಕೆಳಗೆ ಮೆತ್ತಗೆ ಕುಗ್ಗಿತು, ಆದರೆ ಜಾರಲಿಲ್ಲ. ಚೆಂಡು ಕೈಯಲ್ಲಿತ್ತು, ನಾನು ನಿಂತೇ ಇದ್ದೆ. ತಿರುಗಿ ಎಸೆದೆ, ಪಾಯಿಂಟ್ ಬಂತು. ಅಲ್ಲಿಂದ ಮುಂದೆ ನನಗೆ ನೆಲದ ನೆನಪೇ ಆಗಲಿಲ್ಲ. ಸುರಿದ ನೀರೆಲ್ಲ ಹುಲ್ಲಿನೊಳಗೆ ಇಂಗಿ, ಉಳಿದದ್ದು ಅಂಚಿಗೆ ಹರಿದು ಹೋಗುತ್ತಿತ್ತು. ಹದಿನಾಲ್ಕು ಜನ ಕುಣಿದು ತುಳಿದರೂ ಒಂದು ಕಡೆಯೂ ಕೆಸರು ಮೇಲೆ ಬರಲಿಲ್ಲ. ಆ ಸೆಟ್ ಗೆದ್ದೆವು. ಮೂರನೆಯದರಲ್ಲಿ ಕೊನೆಯವರೆಗೂ ಸಮಸಮ. ಕೊನೆಯ ಚೆಂಡನ್ನು ಶೀಲಾ ಮೂಲೆಗೆ ಎಸೆದಳು. ಪುಷ್ಪಕ್ಕ ಅದಕ್ಕೆ ಹಾರಿ ಉದ್ದಕ್ಕೆ ಬಿದ್ದರು, ಬೆರಳಿಗೆ ತಾಗಿ ಚೆಂಡು ಹೊರಗೆ ಹೋಯಿತು.

ನಾವು ಗೆದ್ದೆವು. ಎಲ್ಲರೂ ಓಡಿ ಹೋಗಿ ಪುಷ್ಪಕ್ಕನನ್ನು ಎತ್ತಿದೆವು. ಮೊಣಕೈ ಮೇಲೆ ಹಸಿರು ಬಣ್ಣ ಬಿಟ್ಟರೆ ಒಂದು ಗೀರೂ ಇರಲಿಲ್ಲ. ಸೋತ ಅವರು ನಮಗಿಂತ ಜೋರಾಗಿ ನಗುತ್ತಿದ್ದರು. "ಮೂರೂ ಸೆಟ್ ಆಯ್ತಲ್ಲ, ಭಾವ" ಎಂದು ಜಗಲಿಯ ಕಡೆ ಕೂಗಿದರು. ಗೌಡರು ಛತ್ರಿ ಊರಿ ಎದ್ದು ಒಳಗೆ ಹೋದರು.

ಬಿಸಿ ಬಿಸಿ ಅಕ್ಕಿರೊಟ್ಟಿ, ಕೋಳಿಸಾರು ಉಂಡೆವು. ಬಡಿಸುವಾಗ ಶೇಷೇಗೌಡರು ಬಂದು ನನ್ನ ಎಲೆಗೆ ಇನ್ನೊಂದು ರೊಟ್ಟಿ ಹಾಕಿದರು. "ಹಿಂದೆ ಕೈ ಮುರ್ಕೊಂಡೋರು ನೀವೇ ಅಲ್ವ?" ಎಂದು ಕೇಳಿದರು. ಹೌದು ಅಂದೆ. "ಆ ಎಡಗಡೆ ಕ್ಯಾಚು ಚೆನ್ನಾಗಿತ್ತು" ಅಂದವರೇ ಮುಂದಿನ ಎಲೆಗೆ ಹೋದರು.

ಸಂಜೆ ಜೀಪು ಹೊರಟಾಗ ಮಳೆ ನಿಂತು ಗುಡ್ಡದ ಮೇಲೆ ತೆಳು ಬಿಸಿಲು ಬಂದಿತ್ತು. ತಿರುವಿನಲ್ಲಿ ನಾನು ಹಿಂದಕ್ಕೆ ನೋಡಿದೆ. ಶೇಷೇಗೌಡರು ಚಪ್ಪಲಿಯನ್ನು ಅಂಚಿನಲ್ಲಿ ಬಿಟ್ಟು ಬರಿಗಾಲಲ್ಲಿ ಅಂಕಣದ ನಡುವೆ ನಡೆಯುತ್ತಿದ್ದರು. ಒಂದು ಕಡೆ ನಿಂತು ಹಿಮ್ಮಡಿಯಿಂದ ನೆಲವನ್ನು ಒತ್ತಿ ನೋಡಿದರು. ಮತ್ತೆ ಇನ್ನೊಂದು ಕಡೆ ಒತ್ತಿದರು. ಆಮೇಲೆ ಬಗ್ಗಿ, ಸಡಿಲವಾಗಿದ್ದ ನೆಟ್ಟಿನ ಹಗ್ಗವನ್ನು ಬಿಗಿದು ಕಟ್ಟತೊಡಗಿದರು.